ಪೇಟಿ ಅಳಿಸಿದ ಹಾಡು

ಅಕ್ಕಿಆಲೂರಿನ ಪರಮೇಶ್ವರಪ್ಪ ಸೋಮವಾರ ಬೆಳಿಗ್ಗೆ ತೀರಿಕೊಂಡರು. ಅಕ್ಕಿ ಗಿರಣಿಯಲ್ಲಿ ದುಡಿದ ಮನುಷ್ಯ. ಅಷ್ಟು ಗದ್ದಲದಲ್ಲೂ ಬೆಲ್ಟು ಸಡಿಲಾದ ಸದ್ದು ಹಿಡಿಯುವ ಕಿವಿ ಅವರದು. ಹೆಂಡತಿಯ ವಿಷಯದಲ್ಲಿ ಆ ಕಿವಿ ಇನ್ನೂ ಚುರುಕು.

ಹೆಂಡತಿ ಫಕ್ಕೀರವ್ವ ಒಂದು ಕಾಲಕ್ಕೆ ಭಜನೆಯಲ್ಲಿ ಹಾಡುತ್ತಿದ್ದರು. ಹಾರ್ಮೋನಿಯಂ ಪೇಟಿಗೆ ಹತ್ತಿಮತ್ತೂರಿನ ಮೃತ್ಯುಂಜಯ. ಹೋದ ವರ್ಷ ಗಂಟಲಿನ ಆಪರೇಶನ್ ಆಗಿ ಆಕೆಯ ದನಿ ಪಿಸುಮಾತಿಗೆ ಇಳಿಯಿತು. ಹಾಡು ಉಳಿದದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಕಂಪ್ಯೂಟರಿಗೆ ಇಳಿಸಿದರೆ ಹಾಡಿಗಿಂತ ಟೇಪಿನ 'ಸುಯ್' ಸದ್ದೇ ಜೋರು.

ಮೊಬೈಲ್ ರಿಪೇರಿಯ ಗೆಳೆಯ ಮಲ್ಲಿಕಸಾಬ ತನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಟ್ಟ. "ಹಾಡಿನ ಮುಂಚೆ ಬರೇ ಸುಯ್ ಅಂಬೋ ತುಣುಕು ಐತಲ್ಲ ಪರಮಣ್ಣ, ಅದನ್ನ ಈ ಸಾಫ್ಟ್‌ವೇರಿಗೆ ತೋರ್ಸು. ಇದು ಬ್ಯಾಡಾದ ಸದ್ದು ಅಂತ ತಿಳ್ಕೊಂಡು ಎಲ್ಲಾ ಕಡಿಂದ ತಗೀತೈತಿ."

ಪರಮೇಶ್ವರಪ್ಪ ಕೇಳುತ್ತ ಕುಳಿತರು. ಎರಡು ಹಾಡುಗಳ ನಡುವೆ ಮೃತ್ಯುಂಜಯ ಏನೋ ಅಂದ. ಫಕ್ಕೀರವ್ವ ನಕ್ಕರು. ಅಂಥ ನಗು ಮನೆಯಲ್ಲಿ ಎಂದೂ ಕೇಳಿರಲಿಲ್ಲ.

"ಏನಂದ್ನವ?"

"ಯಾರ್ರಿ?"

"ಪೇಟಿ ಮಾಸ್ತರ. ಅಷ್ಟು ನಕ್ಕೀಯಲ್ಲ!"

"ಹಲ್ಲೆಲ್ಲಾ ಬಿದ್ದುವು, ಹೊಟ್ಟಿಕಿಚ್ಚೊಂದು ಬೀಳವಲ್ದು ನೋಡ್ರಿ ನಿಮಗ," ಎಂದು ಆಕೆ ಪಿಸುದನಿಯಲ್ಲೇ ಛೇಡಿಸಿದರು.

ಮರುದಿನ ಪರಮೇಶ್ವರಪ್ಪ ಸುಯ್ ಅನ್ನುವ ತುಣುಕು ತೋರಿಸಲಿಲ್ಲ. ಪೇಟಿ ಒಂದೇ ಸುರ ಹಿಡಿದು ನಿಂತ ತುಣುಕು ತೋರಿಸಿದರು. ಮೃತ್ಯುಂಜಯ ಮಾಯವಾದ. ಖುಷಿಯಿಂದ ತೊಡೆ ತಟ್ಟಿ ಮುಂದೆ ಕೇಳಿದರೆ ಫಕ್ಕೀರವ್ವನ ದನಿ ಬಾವಿಯೊಳಗಿಂದ ಬಂದಂತೆ ಇತ್ತು. ಆಕೆ ಸುರ ಹಿಡಿದು ನಿಂತಲ್ಲೆಲ್ಲ ಏನೂ ಇಲ್ಲ.

ಫಕ್ಕೀರವ್ವ ಬಾಗಿಲಲ್ಲಿ ನಿಂತು ಕೇಳಿದರು. "ಇದು ನನ್ನ ದನಿ ಏನ್ರಿ?" ಕಣ್ಣುಗಳು ತುಂಬಿದ್ದವು.

"ಟೇಪ ಕೆಟ್ಟೈತಿ," ಎಂದರು ಪರಮೇಶ್ವರಪ್ಪ.

ಮಲ್ಲಿಕಸಾಬ ನೋಡಿದ ಕೂಡಲೇ ಹಿಡಿದ. "ಪೇಟಿ ತಗದ್ರ ವೈನಿ ದನೀನೂ ಹೋಗತೈತೋ ಮಾರಾಯ. ಇಬ್ಬರದೂ ಒಂದ ಸುರ."

ಆ ಮಾತು ನಗುವಿಗಿಂತ ಹೆಚ್ಚು ಉರಿಸಿತು. ಎರಡು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಆದರೆ ಫಕ್ಕೀರವ್ವ ಹಾಡಿನ ಮಾತನ್ನೇ ಮತ್ತೆ ಎತ್ತಲಿಲ್ಲ. ಅದನ್ನು ತಾಳಲಾಗದೆ ಭಾನುವಾರ, ತೀರಿಕೊಳ್ಳುವ ಹಿಂದಿನ ದಿನ, ಮೂಲ ಪ್ರತಿ ತೆಗೆದು, ಸರಿಯಾದ ತುಣುಕನ್ನೇ ತೋರಿಸಿ, ಸುಯ್ ಸದ್ದನ್ನು ಹಗೂರಕ್ಕೆ ಇಳಿಸಿದರು. ಸ್ವಲ್ಪ ಉಳಿಯಿತು, ಉಳಿಯಲಿ ಎಂದರು. ದನಿ ಬಂತು. ಪೇಟಿಯೂ ಬಂತು, ಮೊದಲಿಗಿಂತ ಸ್ವಚ್ಛವಾಗಿ. ಆ ನಗುವೂ.

ಫಕ್ಕೀರವ್ವ ಸೆರಗು ಬಾಯಿಗೆ ಹಿಡಿದು ಕೇಳಿದರು, ಬೆರಳು ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು. ಪರಮೇಶ್ವರಪ್ಪ ಆ ಬೆರಳನ್ನೇ ನೋಡುತ್ತಿದ್ದರು.

"ಎಲ್ಲಾರಿಗೂ ಕಳಸೋಣು, ಹೆಸರು ಹಾಕು," ಎಂದ ಮಲ್ಲಿಕಸಾಬ.

'ಹಾಡಿದವರು: ಫಕ್ಕೀರವ್ವ' ಎಂದು ಒತ್ತಿ ಕೈ ಹಿಂದಕ್ಕೆ ತೆಗೆದರು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ, 'ಪೇಟಿ: ಮೃತ್ಯುಂಜಯ, ಹತ್ತಿಮತ್ತೂರು' ಎಂದು ಸೇರಿಸಿ ಕಳಿಸಿದರು.