ಬಿಟ್ಟ ಕುದುರೆಯ ಬೆನ್ನು ಹತ್ತಿ

ಬೀದರಿನಿಂದ ಹೈದರಾಬಾದಿಗೆ ಬೆಳಗಿನ ರೈಲು ಹತ್ತಿದಾಗ ನಮ್ಮ ಅಣ್ಣ ಬಸಣ್ಣನ ಕೈಯಲ್ಲಿ ಒಂದು ಚೀಲವಿತ್ತು. ಅದರೊಳಗೆ ಕಡಲೆ, ಬೆಲ್ಲ, ಮೈ ಉಜ್ಜುವ ಬ್ರಷ್ಷು. ಗಂಡಸರು ಊರಿಗೆ ಹೊರಟರೆ ಒಂದು ಅಂಗಿಯಾದರೂ ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ. ಈ ಮಹಾಶಯ ಕುದುರೆಗೆ ಬೇಕಾದುದನ್ನು ಮಾತ್ರ ಕಟ್ಟಿಕೊಂಡಿದ್ದ.

"ನಿನಗ ಉಡಾಕ ಏನ್ ತಂದಿ?" ಎಂದು ಕೇಳಿದೆ.

"ಮೊದಲ ಅಕಿ ಜೀವಂತ ಅದಾಳೋ ಇಲ್ಲೋ ನೋಡೂಣ ನಡಿ," ಎಂದ.

ಅಕಿ ಎಂದರೆ ಚಾಂದನಿ, ಬಿಳಿಯ ಹೆಣ್ಣು ಕುದುರೆ. ಮರಿಯಿದ್ದಾಗಿನಿಂದ ಅಣ್ಣ ಸಾಕಿದ್ದ. ಬೀದರಿನಲ್ಲಿ ಯಾರ ಮನೆಯ ಮದುವೆ ಮೆರವಣಿಗೆಯಾದರೂ ಮದುಮಗ ಚಾಂದನಿಯ ಮೇಲೆಯೇ ಕೂರಬೇಕು, ಅಣ್ಣ ಲಗಾಮು ಹಿಡಿದು ಮುಂದೆ ನಡೆಯಬೇಕು. ಅವಳ ಬೆನ್ನಿಗೆ ಹಾಕುವ ಮಖಮಲ್ಲಿನ ಹೊದಿಕೆಯನ್ನು ಹೊಲಿದವಳು ನಾನೇ, ನನಗೆ ಟೇಲರಿಂಗ್ ಅಂಗಡಿಯಿದೆ. ಅಣ್ಣನ ಮೊಣಕಾಲು ಸೋತು ಬ್ಯಾಂಡಿನ ಮುಂದೆ ನಡೆಯಲಾರದಂತಾದಾಗ ಚಾಂದನಿಯನ್ನು ಹೈದರಾಬಾದಿನ ಯಾದಗಿರಿಗೆ ಮಾರಿದ. ಯಾದಗಿರಿಯದೂ ಮದುವೆ ಕುದುರೆಗಳ ಕಸುಬೇ. ಒಳ್ಳೆಯ ಮನುಷ್ಯನೆಂದು ವಿಚಾರಿಸಿಯೇ ಕೊಟ್ಟದ್ದು.

ಮೊನ್ನೆ ನಮ್ಮೂರಿನ ಮದುವೆಗೆ ಬಂದ ಹೈದರಾಬಾದಿನ ಬ್ಯಾಂಡಿನವನೊಬ್ಬ, ಬಿಳಿ ಕುದುರೆ ಕುಂಟಾಗಿದೆ, ಈಗ ಲಾಯದಲ್ಲಿ ಕಾಣುವುದಿಲ್ಲ ಎಂದ. ಅಷ್ಟಕ್ಕೆ ಸುಮ್ಮನಿರದೆ, "ಕುಂಟ ಕುದುರೆ ಯಾರು ಇಟ್ಕೊಂತಾರ್ರಿ, ಕಡಿಯೋರಿಗೆ ಕೊಟ್ಟಿರ್ತಾರ," ಎಂದೂ ಸೇರಿಸಿದ. ಅಂದಿನಿಂದ ಅಣ್ಣನ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಯಾದಗಿರಿಗೆ ಫೋನು ಮಾಡು ಎಂದರೆ, "ಫೋನಿನಾಗ ಸುಳ್ಳು ಹೇಳ್ತಾನ," ಎನ್ನುತ್ತಿದ್ದ. ನಮ್ಮದು ಮಾಂಸ ಮುಟ್ಟದ ಮನೆತನ. ಚಾಂದನಿಯ ಕುತ್ತಿಗೆಯ ಮೇಲೆ ಕತ್ತಿ ಎಂದು ನೆನೆಸಿಕೊಂಡರೆ ನನಗೂ ಹೊಲಿಗೆಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಅಂಗಡಿಗೆ ಬೀಗ ಹಾಕಿ ಅವನ ಜೊತೆ ಹೊರಟೆ.

ಇಬ್ಬರ ಟಿಕೀಟೂ ಸೇರಿ ಇನ್ನೂರರ ಒಳಗೇ ಮುಗಿಯಿತು. ಜಹೀರಾಬಾದಿನಲ್ಲಿ ಪೇರಲ ಮಾರುವವರು ಹತ್ತಿದರು, ವಿಕಾರಾಬಾದಿನಲ್ಲಿ ಇಡ್ಲಿಯವನು. ಬೇಸಿಗೆ ಇನ್ನೂ ಶುರುವಾಗುತ್ತಿದ್ದರೂ ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ನಾನು ಇಡ್ಲಿ ತಿಂದೆ. ಅಣ್ಣ ಕಿಟಕಿಯ ಹೊರಗೆ ಕಂಡ ಪ್ರತಿ ಬಿಳಿ ಪ್ರಾಣಿಯನ್ನೂ, ಎತ್ತೋ ಮೇಕೆಯೋ, ಕತ್ತು ಚಾಚಿ ನೋಡುತ್ತ ಕೂತ.

ನಾಂಪಲ್ಲಿಯಲ್ಲಿ ಇಳಿದು, ಇರಾನಿ ಚಹಾ ಕುಡಿದು, ಆಟೋ ಹಿಡಿದು ಮೂಸಿ ನದಿ ದಾಟಿದೆವು. ಯಾದಗಿರಿಯ ಲಾಯಕ್ಕೆ ಹೋಗಲು ಮಟನ್ ಅಂಗಡಿಗಳ ಗಲ್ಲಿಯೊಂದನ್ನು ಹಾಯಬೇಕಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಕೊಕ್ಕೆಗೆ ತೂಗುಬಿದ್ದುದನ್ನು ನೋಡಲಾರದೆ, ಇವರ ಕೈಗೆ ಸಿಕ್ಕಿದ್ದರೆ ನಮ್ಮ ಚಾಂದನಿಯ ಗತಿಯೇನು ಎಂದು ಆ ಜನರನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡು ನಡೆದೆ.

ಯಾದಗಿರಿ ತಗಡಿನ ಚಪ್ಪರದ ಕೆಳಗೆ ಒಂದು ಕಂದು ಕುದುರೆಯ ಬಾಲ ಹೆಣೆಯುತ್ತಿದ್ದ. ಸಣಕಲು ಮೈ, ಹಣೆಯ ತುಂಬ ಕುಂಕುಮ. ನಮ್ಮನ್ನು ಕಂಡದ್ದೇ ಕುರ್ಚಿ ಹಾಕಿಸಿದ, ನೀರು ಕೊಟ್ಟ, ಊಟ ಮಾಡಿಯೇ ಹೋಗಬೇಕೆಂದ. ನಾನು ಬಾಯಿಬಿಟ್ಟು, "ಕಡಿಯೋರಿಗೆ ಮಾರಿದ್ರೇನ್ರಿ?" ಎಂದು ಕೇಳಿಯೇಬಿಟ್ಟೆ. ಅವನ ಮುಖ ಕಪ್ಪಿಟ್ಟಿತು. ಎರಡೂ ಕೈಯಿಂದ ಗಲ್ಲ ಬಡಿದುಕೊಂಡ.

"ಪಾಪಂ ಮನಕೊದ್ದು ಅಮ್ಮಾ," ಎಂದ. ಆ ಪಾಪ ನಮಗೆ ಬೇಡ ಎಂದು. ಮುಂದಿನದನ್ನೂ ತೆಲುಗಿನಲ್ಲೇ ಹೇಳಿದ. ಮದುಮಕ್ಕಳನ್ನು ಹೊತ್ತ ಬೆನ್ನಿನ ಮೇಲೆ ಆಯುಧ ಆಡಿಸುವಂತಿಲ್ಲ, ಗಾಡಿಗೂ ಕಟ್ಟುವಂತಿಲ್ಲ, ಕುಂಟಾಯಿತೆಂದು ಮಾರುವಂತಿಲ್ಲ. ತಂದೆಯ ಕಾಲದಿಂದ ಅವರ ಮನೆಯಲ್ಲಿ ನಡೆದುಬಂದದ್ದು ಒಂದೇ, ಬಿಡುವುದು. ಮೈ ತೊಳೆದು, ಅರಿಶಿನ ಹಚ್ಚಿ, ಹಾರ ಹಾಕಿ, ಬೆಲ್ಲ ತಿನ್ನಿಸಿ, ಊರ ಹೊರಗೆ ನೀರು ಹುಲ್ಲು ಇರುವ ಕಡೆ ಹಗ್ಗ ಬಿಚ್ಚಿ ಕೈಮುಗಿದು ಬರುವುದು. ಚಾಂದನಿಯನ್ನು ಪಟಾನ್‌ಚೆರುವಿನ ಆಚೆ ಒಂದು ಕೆರೆಯಂಗಳದಲ್ಲಿ ಬಿಟ್ಟಿದ್ದಾನೆ. ಹಗ್ಗ ಬಿಚ್ಚುವಾಗ ಅಳು ಬಂತಂತೆ. ಹೇಳುವಾಗಲೂ ಅವನ ಕಣ್ಣು ತುಂಬಿತು.

ಅಣ್ಣ ಎದ್ದು ಅವನ ಕೈ ಹಿಡಿದುಕೊಂಡ. "ನೀನು ಪುಣ್ಯಾತ್ಮ ಇದ್ದಿ," ಎಂದ. ನನಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಕಾಲು ಕುಂಟಾಗಿತ್ತಲ್ಲ, ಅದನ್ನು ಅಲ್ಲಿ ಯಾರು ನೋಡುತ್ತಾರೆ ಎಂದು ಕೇಳಿದೆ. ಯಾದಗಿರಿ ಆಕಾಶದ ಕಡೆ ಕೈ ತೋರಿಸಿದ. ಅಷ್ಟಕ್ಕೇ ಸಮಾಧಾನ ಮಾಡಿಕೊಂಡು, ಸಂಜೆಯೊಳಗೆ ಲಿಂಗಂಪಲ್ಲಿಯಲ್ಲಿರುವ ನನ್ನ ನಾದಿನಿಯ ಮಗಳ ಮನೆ ಸೇರಿ, ಜೋಳದ ರೊಟ್ಟಿ ಪುಂಡಿಪಲ್ಯ ಗಡದ್ದಾಗಿ ಉಂಡೆವು. ಅಣ್ಣ ಮೂರನೆಯ ರೊಟ್ಟಿ ಕೇಳಿದ. "ಚಾಂದನಿಗೆ ಪಿಂಚಣಿ ಆತು, ಇನ್ನ ನಿಂದೇ ಬಾಕಿ," ಎಂದು ಚೇಷ್ಟೆ ಮಾಡಿದೆ. ಭಾಳ ದಿನದ ಮೇಲೆ ಅವನು ನಕ್ಕದ್ದು ಆಗಲೇ.

ಚಾಂದನಿಯನ್ನು ಒಮ್ಮೆ ಕಣ್ಣಾರೆ ನೋಡಿಕೊಂಡೇ ಊರಿಗೆ ಹೋಗೋಣವೆಂದು ಮರುದಿನ ಬೆಳಿಗ್ಗೆ ಪಟಾನ್‌ಚೆರುವಿನ ಬಸ್ಸು ಹತ್ತಿದೆವು. ಕಾರ್ಖಾನೆಗೆ ಹೋಗುವವರು ಡಬ್ಬಿ ಹಿಡಿದು ಕಿಕ್ಕಿರಿದಿದ್ದರು, ನಿಲ್ಲಲೂ ಜಾಗವಿಲ್ಲ. ಇಳಿದ ಕೂಡಲೇ ಔಷಧಿ ಕಾರ್ಖಾನೆಗಳ ಘಾಟು ಮೂಗಿಗೆ ಹೊಡೆಯಿತು. ಅಲ್ಲಿಂದ ಶೇರ್ ಆಟೋದಲ್ಲಿ ಕೆರೆಯ ಏರಿಯವರೆಗೆ ಹೋದೆವು. ಕೆರೆ ಎನ್ನುವುದು ಹೆಸರಿಗೆ ಮಾತ್ರ, ಒಂದು ಮೂಲೆಯಲ್ಲಿ ನೊರೆ ಕಟ್ಟಿದ ಹಳದಿ ನೀರು, ಉಳಿದದ್ದೆಲ್ಲ ಜಾಲಿ ಮತ್ತು ಪ್ಲಾಸ್ಟಿಕ್ಕು. ಪಕ್ಕದಲ್ಲಿ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಬುಟ್ಟಿ ಹೊತ್ತ ಹೆಂಗಸೊಬ್ಬಳು ನಮ್ಮ ಮಾತು ಕೇಳಿ ನಿಂತಳು.

"ನಮ್ಮ ಕಡೆಯವ್ರೇನ್ರಿ ನೀವು? ನಾವು ಲಿಂಗಸೂಗೂರಿನವ್ರು. ನನ್ನ ಹೆಸರು ಮಲ್ಲಮ್ಮ."

ಬಿಳಿ ಕುದುರೆ ಕಂಡೆಯಾ ತಾಯಿ ಎಂದೆ. ಮಲ್ಲಮ್ಮ ಬುಟ್ಟಿ ಕೆಳಗಿಟ್ಟಳು. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ನಿಮ್ಮದೇನ್ರಿ ಅದು? ಈಗ ಬಂದ್ರ್ಯಾ? ದಿನಾ ಒಂದ್ ಕೊಡ ನೀರು ಇಡಾಕತ್ತೀನ್ರಿ ಅದಕ್ಕ. ಸಾಯವಲ್ದು, ಬದುಕವಲ್ದು. ಬರ್ರಿ ತೋರಸ್ತೀನಿ."

ಮೊದಲು ಕಂಡದ್ದು ಬಾಳೆಹಣ್ಣು. ಜಾಲಿ ಮರದ ಬುಡದಲ್ಲಿ ರಾಶಿ ಬಾಳೆಹಣ್ಣು, ಪೂರಿ, ಒಡೆದ ತೆಂಗಿನಕಾಯಿ, ಎಲ್ಲ ಕೊಳೆತು ನೊಣ ಮುತ್ತಿತ್ತು. ಅದರ ಹಿಂದೆ ಚಾಂದನಿ ಮಲಗಿದ್ದಳು. ಹಣೆಯ ಮೇಲೆ ಅರಿಶಿನ, ಅದರ ಮೇಲೆ ಯಾರೋ ಅಂದೇ ಹಚ್ಚಿದ ಹೊಸ ಕುಂಕುಮ. ಕುತ್ತಿಗೆಯಲ್ಲಿ ಒಣಗಿ ಕಪ್ಪಾದ ಚೆಂಡುಹೂವಿನ ಹಾರ. ಪಕ್ಕೆಲುಬು ಎಣಿಸಬಹುದಿತ್ತು. ಮುಂದಿನ ಬಲಗಾಲಿನ ಗೊರಸು ಅರ್ಧ ಕಳಚಿ ಜೋತುಬಿದ್ದಿತ್ತು. ಅದರ ಮೇಲೆ ಬಿಳಿಯ ಎಲುಬು ಕಾಣುತ್ತಿತ್ತು, ಎಲುಬಿನ ಸುತ್ತ ಹುಳ ಮಿಜಿಗುಡುತ್ತಿದ್ದವು. ಆ ಗಾಯಕ್ಕೂ ಯಾರೋ ಅರಿಶಿನ ಮೆತ್ತಿ ಕೆಂಪು ಜರಿಯ ಬಟ್ಟೆ ಸುತ್ತಿದ್ದರು, ಅದು ಜಾರಿಹೋಗಿತ್ತು. ಮಲ್ಲಮ್ಮನ ಭುಜ ಹಿಡಿದುಕೊಂಡೆ.

ಅಣ್ಣ ಅಭ್ಯಾಸಬಲದಿಂದ ನಾಲಿಗೆ ಲೊಟಗುಟ್ಟಿಸಿದ, ಮನೆಯಲ್ಲಿ ಕರೆಯುತ್ತಿದ್ದ ಹಾಗೆಯೇ. ಚಾಂದನಿ ಕಿವಿ ನೆಟ್ಟಗೆ ಮಾಡಿದಳು. ತಲೆ ಎತ್ತಿದಳು. ಆಮೇಲೆ ಏಳಲು ಹೋದಳು. ಆ ಕಾಲನ್ನೇ ಊರಿ ಏಳಲು ಹೋದಳು. ಅದು ಮಡಚಿಕೊಂಡ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಧೊಪ್ಪನೆ ಬಿದ್ದವಳ ಬಾಯಿಂದ ಒಂದು ನರಳಿಕೆ ಬಂತು, ಕುದುರೆಯದೆಂದು ಹೇಳಲಾಗದಂಥದ್ದು. ತಿರುಗಿ ನೋಡಿದರೆ ಅಣ್ಣನಿಲ್ಲ. ಚೀಲ ಎಸೆದು, ಸೋತ ಮೊಣಕಾಲಿನಲ್ಲೇ ಓಡಿಹೋಗಿ ಏರಿಯ ಮೇಲೆ ಅತ್ತ ಮುಖ ಮಾಡಿ ಕೂತಿದ್ದ.

"ಜನ ಬರ್ತಾರ್ರಿ," ಎಂದಳು ಮಲ್ಲಮ್ಮ. "ಲಗ್ನದ ಕುದುರಿ ಅಂತ ಗಾಡಿ ನಿಂದರ್ಸಿ ಕಾಲು ಮುಟ್ಟಿ ನಮಸ್ಕಾರ ಮಾಡ್ತಾರ. ಲಗ್ನ ಆಗಲಾರದ ಹುಡುಗ್ರು ಹಣ್ಣಿಟ್ಟು ಹೋಗ್ತಾರ. ಡಾಕ್ಟರನ್ನ ಕರೀರಿ ಅಂದ್ರ, ದೇವರ ಕುದುರಿ, ಡಾಕ್ಟರ್ ಸೂಜಿ ಚುಚ್ಚಿ ಕೊಲ್ತಾನ, ಬ್ಯಾಡ ಅಂತಾರ."

ನನಗೆ ಸಿಟ್ಟು ನೆತ್ತಿಗೇರಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಇದೇ ಅಲ್ಲವೇ. ಕೈಗೆ ರಕ್ತ ಹತ್ತಬಾರದು, ಕಣ್ಣೆದುರು ಸಾಯಬಾರದು, ಪುಣ್ಯಕ್ಕೂ ಕಡಿಮೆಯಾಗಬಾರದು. ನಿನ್ನೆ ಮಟನ್ ಗಲ್ಲಿಯಲ್ಲಿ ಮೂಗು ಮುಚ್ಚಿಕೊಂಡು ನಡೆದ ನಾನು ಇಲ್ಲಿ ಬಾಯಿ ತೆರೆದು ನಿಂತಿದ್ದೆ. ಹಿಂಸೆ ಎಂದರೆ ಕತ್ತಿ ಎಂದುಕೊಂಡಿದ್ದವಳು ನಾನು. ನನ್ನ ಅಂಗಡಿಯಲ್ಲಿ ಇಲಿ ಬೋನಿಗೆ ಬಿದ್ದರೂ ಬೀದಿ ದಾಟಿಸಿ ಬಿಟ್ಟುಬರುತ್ತೇನೆ, ಆಮೇಲೆ ಅದರ ಪಾಡು ಏನಾಗುತ್ತದೆ ಎಂದು ಒಂದು ದಿನ ತಿರುಗಿ ನೋಡಿದವಳಲ್ಲ. ಯಾದಗಿರಿಯೂ ನೋಡಿಲ್ಲ. ನನ್ನದು ಇಲಿ, ಅವನದು ಕುದುರೆ, ಅಷ್ಟೇ ವ್ಯತ್ಯಾಸ.

ಕಟ್ಟಡದ ಮೇಸ್ತ್ರಿಯ ಹತ್ತಿರ ದನದ ಆಸ್ಪತ್ರೆಯ ನಂಬರ್ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ಕಾಲು ನೋಡಿದರು, ಒಸಡು ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಈ ಕಾಲಿಗೆ ಇನ್ನು ಚಿಕಿತ್ಸೆಯಿಲ್ಲ, ನಂಜು ಮೈಗೆಲ್ಲ ಏರಿದೆ, ಹೀಗೇ ಬಿಟ್ಟರೆ ಇನ್ನೂ ಕೆಲವು ದಿನ ನರಳುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಮೊದಲು ಮಂಪರಿನ ಇಂಜೆಕ್ಷನ್, ಆಮೇಲೆ ಇನ್ನೊಂದು, ನೋವಿಲ್ಲದೆ ಹೋಗುತ್ತದೆ. "ಆದರೆ ಮಾಲೀಕರು ಒಪ್ಪಬೇಕು. ಯಾರ ಕುದುರೆ ಇದು?"

ಯಾದಗಿರಿಗೆ ಫೋನು ಹಚ್ಚಿದೆ. ಕಾಲಿನ ಸ್ಥಿತಿ ಕೇಳಿ ಅವನು ಗಳಗಳ ಅತ್ತ. ಮಾತು ಮಾತ್ರ ಜಪ್ಪಯ್ಯ ಎಂದರೂ ಬದಲಾಗಲಿಲ್ಲ. ಬಿಟ್ಟ ಮೇಲೆ ಅದು ತನ್ನದಲ್ಲ, ಕೊಲ್ಲು ಎಂದು ತನ್ನ ಬಾಯಿಂದ ಬಂದರೆ ಲಾಯದ ಕುದುರೆಗಳಿಗೆ ಕೇಡು, ನಾಳೆ ಯಾವ ಮದುಮಗನೂ ಹತ್ತುವುದಿಲ್ಲ ಎಂದು ಫೋನಿಟ್ಟ.

ಏರಿಗೆ ಹೋದೆ. "ಅಣ್ಣ, ಡಾಕ್ಟರ್ ಕೇಳಾಕತ್ತಾರ. ನೀ ಹೂಂ ಅನ್ನು."

"ನಾ ಮಾರೀನಿ. ನಂದಲ್ಲ."

"ಬಸಣ್ಣ, ಅಕಿ ಒದ್ದಾಡಾಕತ್ತಾಳ."

"ಕೂಸಿನಂಗ ಸಾಕೀನಿ ಶಾಂತಾ. ಕೊಲ್ಲು ಅಂತ ಹ್ಯಾಂಗ ಅನ್ಲಿ?"

"ಹಂಗಾದ್ರ ಬ್ಯಾಡ ಅಂತನಾದ್ರೂ ಅನ್ನು. ಡಾಕ್ಟರ್ ಮನಿಗೆ ಹೋಗ್ಲಿ."

"ಅದೂ ಆಗೂದಿಲ್ಲ," ಎಂದು ಟವೆಲಿನಲ್ಲಿ ಮುಖ ಹುದುಗಿಸಿದ. ನನಗೆ ಅವನನ್ನು ಹಿಡಿದು ಅಲುಗಾಡಿಸಬೇಕೆನಿಸಿತು, ತಬ್ಬಿಕೊಂಡು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಇಳಿದುಬಂದೆ.

ಡಾಕ್ಟರಮ್ಮ ಪೆಟ್ಟಿಗೆ ಮುಚ್ಚುತ್ತಿದ್ದರು. ಯಾರದೂ ಅಲ್ಲದ ಪ್ರಾಣಿಗೆ ಕಚೇರಿಯ ಅನುಮತಿ ಬೇಕು, ನಾಳೆ ಆಗಬಹುದು, ನಾಡಿದ್ದೂ ಆಗಬಹುದು ಎಂದರು. ಚಾಂದನಿ ಮತ್ತೆ ಕಾಲು ಎಳೆದುಕೊಂಡಳು.

"ನನ್ನದು," ಎಂದೆ. "ಕುದುರೆ ನನ್ನದು. ನಾನು ಒಪ್ಪಿದ್ದೇನೆ."

ಕಡಿಯುವವರಿಂದ ಉಳಿಸಿಕೊಂಡು ಬರುತ್ತೇನೆಂದು ಹೊರಟವಳ ಬಾಯಿಂದ ಇಂಥ ಮಾತು ಬಂತಲ್ಲ ಎಂದು ನನಗೇ ದಿಗಿಲಾಯಿತು. ಹಾಗಿದ್ದರೂ ನೆಲದಲ್ಲಿ ಕೂತು ಚಾಂದನಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡೆ. ಕುದುರೆಯ ತಲೆ ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಲ್ಲಮ್ಮ ಕೊಳೆತ ಹಾರವನ್ನು ಹರಿದು ಬಿಸಾಡಿ, ಒದ್ದೆ ಬಟ್ಟೆಯಿಂದ ಅವಳ ಕಣ್ಣಿನ ನೊಣ ಒರೆಸಿದಳು. ಮೊದಲ ಇಂಜೆಕ್ಷನ್ ಆದ ಮೇಲೆ ಕುತ್ತಿಗೆಯ ಬಿಗಿ ಸಡಿಲಾಯಿತು. ಎರಡನೆಯದು ಒಳಗೆ ಹೋಗುತ್ತಿದ್ದಂತೆ ಒಂದು ದೊಡ್ಡ ಉಸಿರು ಬಿಟ್ಟಳು. ಮುಂದಿನದು ಬರಲಿಲ್ಲ. ಡಾಕ್ಟರಮ್ಮ ಕಣ್ಣಿನ ಗುಡ್ಡೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಆಯಿತು ಎಂದರು. ಇಷ್ಟೇನಾ ಎಂದು ನಾನು ಕೇಳಿದೆ. ಇಷ್ಟೇ ಎಂದರು.

ಮೇಸ್ತ್ರಿ ಜೆಸಿಬಿ ಕಳಿಸಿ ಗುಂಡಿ ತೋಡಿಸಿಕೊಟ್ಟ. ಅಷ್ಟರಲ್ಲಿ ಬೈಕಿನಲ್ಲಿ ಬಂದ ಇಬ್ಬರು ಹುಡುಗರು ಹಣ್ಣು ಹಿಡಿದುಕೊಂಡು ನಿಂತಿದ್ದರು. ವಿಷಯ ತಿಳಿದ ಮೇಲೆ ಅವರಲ್ಲೊಬ್ಬ ನನ್ನನ್ನು ನೋಡಿದ ರೀತಿ ಇದೆಯಲ್ಲ, ನಾನು ಮಟನ್ ಗಲ್ಲಿಯಲ್ಲಿ ಆ ಜನರನ್ನು ನೋಡಿದ್ದೂ ಹಾಗೆಯೇ ಇದ್ದಿರಬೇಕು. ಮಲ್ಲಮ್ಮ ನನ್ನ ಕೈಗೆ ನೀರು ಹಾಕಿದಳು. ಅಣ್ಣ ಮಣ್ಣು ಮುಚ್ಚುವವರೆಗೂ ಏರಿಯಿಂದ ಇಳಿಯಲಿಲ್ಲ.

ಪಟಾನ್‌ಚೆರುವಿನಲ್ಲೇ ಜಹೀರಾಬಾದಿನ ಬಸ್ಸು ಹತ್ತಿ, ಅಲ್ಲಿ ಇಳಿದು ಬೀದರಿನ ಬಸ್ಸು ಹಿಡಿದೆವು. ಅಣ್ಣ ನನ್ನ ಪಕ್ಕದಲ್ಲಿ ಕೂರಲಿಲ್ಲ, ಹಿಂದಿನ ಸೀಟಿನಲ್ಲಿ ಕೂತ. ಜಹೀರಾಬಾದಿನಲ್ಲಿ ಚಹಾ ತಂದುಕೊಟ್ಟರೆ ತೆಗೆದುಕೊಂಡ, ಕುಡಿಯದೆ ಆರಲು ಬಿಟ್ಟ. ಮಾತಾಡಿಸಿದರೆ ಏನಾದರೂ ಅಂದುಬಿಡುತ್ತಾನೆಂದು ನನಗೆ ಹೆದರಿಕೆಯಿತ್ತು.

ಬೀದರ್ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಓಣಿಯ ಆಟೋದ ಖಾಜಾ ಕಾಯುತ್ತಿದ್ದ. ಚಾಂದನಿಯ ಮೇಲೆ ಮೆರವಣಿಗೆ ಹೊರಟು ನಿಕಾಹ್ ಮಾಡಿಕೊಂಡವರಲ್ಲಿ ಅವನೂ ಒಬ್ಬ. ನಾವು ಹತ್ತಿ ಕೂತದ್ದೇ ಕೇಳಿದ, "ಬಸಣ್ಣ, ಸಿಕ್ಕಳೇನು?"

"ಸಿಕ್ಕಳು," ಎಂದ ಅಣ್ಣ. "ನಮ್ಮ ತಂಗಿ ಸಾಯಿಸಿದ್ಲು."

ಖಾಜಾ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಸುಳ್ಳೇನಲ್ಲವಲ್ಲ. ಆಟೋ ಚೌಬಾರಾ ದಾಟಿ ನಮ್ಮ ಓಣಿಗೆ ತಿರುಗಿದಾಗ ಅಣ್ಣ ಮುಂದಕ್ಕೆ ಬಾಗಿ ಖಾಜಾನ ಹೆಗಲ ಮೇಲೆ ಕೈಯಿಟ್ಟ.

"ನಾನೂ ಅಲ್ಲೇ ಇದ್ದೆ ಖಾಜಾ," ಎಂದ. "ಕರದ್ರ ಕೇಳಸೂವಷ್ಟು ಹತ್ರ. ನಾ ಹೋಗಲಿಲ್ಲ."