ಎರಡು ಸಲ ತಟ್ಟಿದರೆ ರೈಟ್

ಗದಿಗೆಪ್ಪ ಮಾಸ್ತರರು ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಲ್ಲುತ್ತಿದ್ದರು. ಒಂದು ಕೈಯಲ್ಲಿ ಟಿಕೆಟ್ ಮಷೀನು, ಇನ್ನೊಂದು ಕೈ ಖಾಲಿ, ಬಾಯಲ್ಲಿ ಸೀಟಿ. ಮುನವಳ್ಳಿಯಿಂದ ಕಟಕೋಳ ಹಾಯ್ದು ರಾಮದುರ್ಗಕ್ಕೆ ಹೋಗುವ ರಸ್ತೆಯಲ್ಲಿ ತಗ್ಗುಗಳಿಗೇನೂ ಬರವಿರಲಿಲ್ಲ. ಬಸ್ಸು ವಾಲಿದಾಗೆಲ್ಲ ನಾವು ಒಬ್ಬರ ಮೇಲೊಬ್ಬರು ಬಿದ್ದು ಯವ್ವಾ ಯಪ್ಪಾ ಅನ್ನುತ್ತಿದ್ದರೆ, ಅವರು ಸೊಂಟವನ್ನು ಚೂರು ಸಡಿಲ ಬಿಟ್ಟು, ಕಣ್ಣು ಅರ್ಧ ಮುಚ್ಚಿ, ನಿದ್ದೆಯಲ್ಲಿ ತೂಗುವವರ ಹಾಗೆ ತೂಗುತ್ತ ಟಿಕೆಟ್ ಹರಿದು ಕೊಡುತ್ತಿದ್ದರು.

ನಾನು ಅವರ ಕಣ್ಣಿಗೆ ಬಿದ್ದದ್ದು ಅಕ್ಷರಶಃ ಬಿದ್ದೇ. ಹನ್ನೆರಡು ವರ್ಷದವಳು, ಕಟಕೋಳದ ಅಜ್ಜಿಯ ಮನೆಗೆ ಹೊರಟಿದ್ದೆ. ಎಮ್ಮೆ ಅಡ್ಡ ಬಂದು ಡ್ರೈವರು ಬ್ರೇಕ್ ಒತ್ತಿದ. ನಾನು ಉರುಳಿಕೊಂಡು ಮುಂದಿನ ಬಾಗಿಲ ತನಕ ಹೋಗಿ, ಎದ್ದು, ಲಂಗ ಝಾಡಿಸಿ ನಿಂತೆ. ಬಸ್ಸಿನವರೆಲ್ಲ ಅಯ್ಯೋ ಅಂದರೆ ಇವರು ಸೀಟಿ ಬಾಯಿಂದ ತೆಗೆದು, "ಭಾಳ ಚಂದ ಬಿದ್ದಿ ನೋಡವಾ! ಇಷ್ಟು ಛಲೋ ಬೀಳಾವ್ರನ್ನ ನಾ ನೋಡಿಲ್ಲ. ಊರಿಗೆ ತಿರುಗಿ ಬಂದಮ್ಯಾಲೆ ಸಂಜಿಗೆ ಹತ್ತಿ ಶೆಡ್ಡಿಗೆ ಬಾ" ಅಂದರು. ಬಿದ್ದದ್ದಕ್ಕೆ ಹೊಗಳಿಸಿಕೊಂಡವಳು ಊರಿಗೆ ನಾನೊಬ್ಬಳೇ ಇರಬೇಕು.

ಹತ್ತಿ ಶೆಡ್ಡು ಅಂದರೆ ಮುನವಳ್ಳಿಯ ಅಂಚಿನಲ್ಲಿ ಖಾಲಿ ಬಿದ್ದಿದ್ದ ಹಳೆಯ ಗೋದಾಮು. ಮಾಸ್ತರರು ಹರೆಯದಲ್ಲಿ ಬೆಳಗಾವಿಯಲ್ಲಿ ಜುಡೋ ಕಲಿತವರು. ಡ್ಯೂಟಿ ಮುಗಿಸಿ, ಖಾಕಿ ಕಳಚಿ, ಬಿಳಿ ಅಂಗಿಗೆ ಪಟ್ಟಿ ಬಿಗಿದು ಅಲ್ಲಿ ಹತ್ತು ಹನ್ನೆರಡು ಹುಡುಗಿಯರಿಗೆ ಕಲಿಸುತ್ತಿದ್ದರು. ಗೋಣಿಚೀಲಗಳಲ್ಲಿ ಹೊಟ್ಟು ತುಂಬಿ, ಮೇಲೆ ತಾಡಪತ್ರಿ ಎಳೆದು ಕಟ್ಟಿದ್ದೇ ನಮ್ಮ ಮ್ಯಾಟು. ತಗಡಿನ ತೂತುಗಳಿಂದ ಸಂಜೆಯ ಬೆಳಕು ಕೋಲುಕೋಲಾಗಿ ಇಳಿಯುತ್ತಿತ್ತು. ನಾವು ಬಿದ್ದಾಗೆಲ್ಲ ಹೊಟ್ಟಿನ ಧೂಳು ಎದ್ದು ಆ ಬೆಳಕಿನಲ್ಲಿ ತೇಲುತ್ತಿತ್ತು. ಮೊದಲ ಮೂರು ತಿಂಗಳು ಅವರು ಬೀಳುವುದನ್ನಷ್ಟೇ ಕಲಿಸಿದರು. ಈಗಲೂ ಕೆಲವು ಮಧ್ಯಾಹ್ನ ಜೊಂಪು ಹತ್ತಿದಾಗ ನಾನು ಆ ಧೂಳಿನ ನಡುವೆ ಬೀಳುತ್ತಿರುತ್ತೇನೆ. ನೆಲ ಎಷ್ಟು ಹೊತ್ತಾದರೂ ಬರುವುದಿಲ್ಲ.

ಅವರ ಪಾಠವೆಲ್ಲ ಬಸ್ಸಿನಿಂದಲೇ ಹುಟ್ಟಿದ್ದು. "ಬಸ್ಸು ದೂಡಿದ್ರ ನೀ ತಿರುಗಿ ದೂಡತೀಯೇನು? ಜೋಡಿ ಹೋಗು. ಎದುರಿನಾಕಿ ನಿನ್ನ ಎಳದ್ಲಂದ್ರ ಆಕಿ ಮನಿತನಾ ಹೋಗಿ, ಬಾಗಲದಾಗ ಆಕಿನ್ನ ಕೆಡವು." ಯಾರಾದರೂ ಹಟ ಹಿಡಿದು ಸೆಟೆದು ನಿಂತರೆ, "ಏನವಾ, ಲೈಟಿನ ಕಂಬ ಆಗೀಯೇನು?" ಅಂತ ಒಂದೇ ಬೆರಳಲ್ಲಿ ನೂಕಿ ಬೀಳಿಸುತ್ತಿದ್ದರು. ಒಮ್ಮೆಯೂ ದನಿ ಏರಿಸಿದ್ದು ನನಗೆ ನೆನಪಿಲ್ಲ.

ಅವರ ಒಂದು ಕಟ್ಟಳೆಯನ್ನು ಇಲ್ಲಿ ಹೇಳಲೇಬೇಕು. ಜುಡೋದಲ್ಲಿ ಪಟ್ಟಿನಲ್ಲಿ ಸಿಕ್ಕವರು ಇನ್ನು ತಾಳಲಾರೆ ಅನ್ನಿಸಿದಾಗ ಕೈಯಿಂದ ಎರಡು ಸಲ ತಟ್ಟುತ್ತಾರೆ. ಅದು ಸೋತೆ ಅಂತ ಒಪ್ಪಿಕೊಳ್ಳುವ ರೀತಿ. ಜಗತ್ತಿಗೆಲ್ಲ ಹೀಗೆ, ನಮ್ಮ ಶೆಡ್ಡಿಗೆ ಮಾತ್ರ ಬೇರೆ. ಕಂಡಕ್ಟರನಿಗೆ ಒಂದು ಸೀಟಿ ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಹಾಗಾಗಿ, "ಒಂದ ಸಲ ತಟ್ಟಿದ್ರ ಬಿಟ್ಟಬಿಡು. ಎರಡ ಸಲ ತಟ್ಟಿದ್ರ ರೈಟ್, ಇನ್ನೂ ದಮ್ ಐತಿ, ನಡೀಲಿ" ಅಂತ ಕಲಿಸಿಬಿಟ್ಟಿದ್ದರು. ಬೆಳಗಾವಿಯ ಪಂದ್ಯದಲ್ಲಿ ರೆಫ್ರಿಯೊಬ್ಬರು ಇದನ್ನು ಕೇಳಿ ನಕ್ಕು, "ಮಾಸ್ತರ, ಇದು ಒಂದ ದಿನ ಮೈಮ್ಯಾಲೆ ಬರತೈತ್ರಿ" ಅಂದಿದ್ದರು. "ನಮ್ಮ ಹುಡುಗ್ಯಾರು ಎಲ್ಲಿ ತಟ್ಟತಾರ ಬಿಡ್ರಿ" ಅಂದು ಇವರೂ ನಕ್ಕಿದ್ದರು.

ನನ್ನ ಹದಿನಾರನೆಯ ವಯಸ್ಸಿನಲ್ಲಿ ನಮ್ಮ ಶೆಡ್ಡಿನ ಮೂವರು ರಾಜ್ಯದ ತಂಡ ಸೇರಿ ರಾಷ್ಟ್ರೀಯ ಪಂದ್ಯಕ್ಕೆ ಹೊರಟೆವು. ಮಾಸ್ತರರು ರಜೆ ಹಾಕಿ ಜೊತೆಗೆ ಬಂದರು. ಎರಡು ದಿನದ ರೈಲು. ಕೂತಲ್ಲಿ ಕೂರಲಾರದೆ ಡಬ್ಬಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತ, ಸ್ಟೇಶನ್ ಬಂದಾಗೆಲ್ಲ ಬಾಗಿಲಿಗೆ ಹೋಗಿ ಇಳಿಯುವವರು ಇಳಿದರೋ ಇಲ್ಲವೋ ನೋಡಿ ಬರುತ್ತಿದ್ದರು. ಕಿಟಕಿಯ ಹೊರಗೆ ಹೆಸರು ಗೊತ್ತಿಲ್ಲದ ನದಿಗಳು, ಹಳದಿ ಹೊಲಗಳು ಸುಮ್ಮನೆ ಹಿಂದೆ ಸರಿಯುತ್ತಿದ್ದವು. ಆಗ ನನ್ನ ಎದುರು ಕೂತು ಹೇಳಿದರು: "ಹುಡುಗ್ಯಾರನ್ನ ಕೆಡವೂದು ಎಂಥಾ ವಿದ್ಯಾ ಅಂತ ಊರಾಗ ಕೇಳತಾರವಾ. ಶೆಡ್ಡಿನ ಧಣಿನೂ ಬಿಡು ಅನ್ನಾಕ ಹತ್ಯಾನ. ಒಂದ ಕಂಚು ಬಂತಂದ್ರ ಸಾಕು, ನನ್ನ ಯಾರೂ ಕೇಳೂದಿಲ್ಲ. ಕೈಕಾಲು ಗಟ್ಟಿ ಇರೂತನಾ ಕಲಸ್ಕೋಂತ ಇರತೇನಿ."

ಇಬ್ಬರು ಮೊದಲ ಸುತ್ತಿನಲ್ಲೇ ಸೋತರು. ನಾನು ಹೇಗೋ ಕಂಚಿನ ಪಂದ್ಯದ ತನಕ ಹೋದೆ. ಆ ಅಂಗಳ ನನಗೆ ನೀರಿನೊಳಗಿಂದ ನೋಡಿದಂತೆ ನೆನಪಿದೆ. ದೀಪಗಳು ಅಲುಗುತ್ತಿದ್ದವು, ಸಾವಿರ ಜನರ ಗದ್ದಲ ದೂರದ ಗುಂಯ್‌ ಆಗಿತ್ತು. ಈಶಾನ್ಯದ ಕಡೆಯ ಆ ಹುಡುಗಿ ನನ್ನನ್ನು ಕೆಡವಿ, ನನ್ನ ಬಲಗೈಯನ್ನು ತನ್ನ ಎರಡು ತೊಡೆಗಳ ನಡುವೆ ಸಿಕ್ಕಿಸಿ ಹಿಂದಕ್ಕೆ ಎಳೆದಳು. ಮೊಣಕೈ ಸಣ್ಣಗೆ ಸದ್ದು ಮಾಡಿತು. ಅಂಚಿನಿಂದ ಮಾಸ್ತರರ ಕೂಗು ಕೇಳಿತು: "ಐತವಾ, ಇನ್ನೂ ಐತಿ, ಕೈ ಹೊರಗ ಬರತೈತಿ ನಿಂದು!" ನಾನು ಎಡಗೈಯಿಂದ ಅವಳ ಕಾಲನ್ನು ಎರಡು ಸಲ ತಟ್ಟಿದೆ.

ಪಂದ್ಯ ಮುಗಿಯಿತು. ಮಾಸ್ತರರು ಓಡಿ ಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ. "ಯವ್ವಾ, ನೀ ರೈಟ್ ಅಂದಿ. ನಡೀಲಿ ಅಂದಿ. ನಾ ಕಲಿಸಿದ್ದ ತಪ್ಪ. ಹೌದಿಲ್ಲೋ?" ಅಂದರು. ನಾನು ಅಳುತ್ತ ಹೌದೆಂದು ತಲೆಯಾಡಿಸಿದೆ.

ಅದು ಸುಳ್ಳು. ಎರಡು ಸಲ ತಟ್ಟಿದರೆ ಅಲ್ಲಿ ಏನರ್ಥ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಬಿಟ್ಟರೆ ಸಾಕು ಅನ್ನಿಸಿತ್ತು, ಅಷ್ಟೇ.

ಊರಿಗೆ ಬಂದ ಮೇಲೆ ಅವರು ಎಲ್ಲರ ಅಪ್ಪ ಅವ್ವಂದಿರನ್ನು ಶೆಡ್ಡಿಗೆ ಕರೆಸಿ ಕೈಮುಗಿದರು. "ಹುಡುಗಿದು ಏನೂ ತಪ್ಪಿಲ್ರಿ. ಗೆಲ್ಲೂ ಕೂಸಿನ್ನ ನನ್ನ ಶಾಣ್ಯಾತನ ಸೋಲಿಸ್ತು. ತಪ್ಪ ಕಲಸಾವ ಕಲಸಬಾರದು" ಅಂದರು. ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ತಾಡಪತ್ರಿ ಬಿಚ್ಚಿ ಮಡಚಿದರು. ಮುಂದಿನ ವಾರ ಧಣಿ ಅಲ್ಲಿ ಗೊಬ್ಬರದ ಚೀಲ ಇಳಿಸಿದ. ಊರವರು ನನ್ನನ್ನು ಪಾಪ ಅಂದರು, ಗೆಲ್ಲಬೇಕಾದವಳು ಅಂದರು. ಅದು ಹಿತವಾಗಿತ್ತು, ಹಿತವಾಗಿದ್ದರಿಂದಲೇ ಸುಮ್ಮನಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅನ್ನುತ್ತ ಡಿಗ್ರಿ ಮುಗಿಯಿತು, ರಾಮದುರ್ಗದಲ್ಲಿ ಟೀಚರ್ ಕೆಲಸ ಸಿಕ್ಕಿತು. ಅವರ ಬಸ್ಸಿನಲ್ಲೇ ಓಡಾಡಿದೆ. ಟಿಕೆಟ್ ಕೊಡುವಾಗ ಪ್ರತಿ ಸಲ "ಕೈ ನೋಯತೈತೇನವಾ?" ಅಂತ ಕೇಳುತ್ತಿದ್ದರು. ಇಲ್ರಿ ಅನ್ನುತ್ತಿದ್ದೆ. ಒಂದು ದಿನ ಬೇರೆ ಕಂಡಕ್ಟರು ಬಂದಿದ್ದ. ಮಾಸ್ತರರು ರಿಟೈರಾದರು ಅಂದ.

ಕಳೆದ ಚಳಿಗಾಲದಲ್ಲಿ ಅವರಿಗೆ ಬಹಳ ಆರಾಮಿಲ್ಲ ಅಂತ ಕೇಳಿ ಮುನವಳ್ಳಿಯ ಮನೆಗೆ ಹೋದೆ. ಪಡಸಾಲೆಯಲ್ಲಿ ಹೊರಸಿನ ಮೇಲೆ, ಬಿಸಿಲಿಗೆ ಬೆನ್ನು ಮಾಡಿ ಮಲಗಿದ್ದರು. ಅವರ ಹೆಂಡತಿ ಚಹಾ ಮಾಡಲು ಒಳಗೆ ಹೋದಾಗ ಹೇಳಿಬಿಟ್ಟೆ: "ಮಾಸ್ತರ, ಅವತ್ತ ನಾ ರೈಟ್ ಅಂದಿದ್ದಿಲ್ರಿ. ಸಾಕಾಗಿತ್ತು. ಸೋತೆ ಅಂತನ ತಟ್ಟಿದ್ದೆ."

ಅವರು ಮಗ್ಗುಲು ಹೊರಳಿ ನನ್ನ ಬಲ ಮೊಣಕೈ ನೋಡಿದರು.

"ಭಾಳ ನೋವಾಗಿತ್ತೇನು?"

"ನೋವಿಗಿಂತ ಹೆದರಿಕಿ ಆಗಿತ್ರಿ."

"ಹೆದರಿಕಿ ಆದ್ರೂ ತಟ್ಟಬೇಕವಾ. ಅದಕ್ಕ ಇರೂದು ಅದು. ಕೈ ಮುರಕೊಂಡು ಕಂಚು ತಾ ಅಂತ ನಾ ಯಾವತ್ತರೆ ಅಂದೀನೇನು?"

ನನ್ನ ಎದೆಯ ಮೇಲಿನ ಭಾರ ಇಳಿದಂತಾಯಿತು. ಕಣ್ಣೊರೆಸಿಕೊಂಡೆ. ಚಹಾ ಬಂತು. ಅವರು ಕುಡಿಯಲಿಲ್ಲ. ಎದ್ದು, ಬಸಿಯನ್ನು ಕೈಯಲ್ಲಿ ಹಿಡಿದು, ಯಾವುದೋ ಲೆಕ್ಕ ಹಾಕುವವರಂತೆ ಅಂಗಳದ ಕಡೆ ನೋಡುತ್ತ ಕೂತರು. ಆಮೇಲೆ, ಸಿಟ್ಟಿಲ್ಲದೆ, ಬಹಳ ಮೆಲ್ಲಗೆ ಅಂದರು:

"ಹಂಗಾರ ನಾ ಕಲಸಬಹುದಾಗಿತ್ತಲ್ಲವಾ. ಇಷ್ಟೂ ವರ್ಷ."

ಇಪ್ಪತ್ತು ದಿನಕ್ಕೆ ಅವರು ಹೋದರು.