ಅರ್ಧ ಬೆಟ್ಟದ ಕುಂಕುಮ

ಅಮೆರಿಕದ ವಿಕ್ಸಮ್‌ನಲ್ಲಿ ನಮ್ಮ ಮನೆಯಿಂದ ಯಾವ ದಿಕ್ಕಿಗೆ ಎಷ್ಟು ಮೈಲಿ ಡ್ರೈವ್ ಮಾಡಿದರೂ ಬೆಟ್ಟ ಅನ್ನುವಂಥದ್ದು ಸಿಗುತ್ತಿರಲಿಲ್ಲ. ಫ್ಯಾಕ್ಟರಿ ಶೆಡ್ಡು, ಪಾರ್ಕಿಂಗ್ ಲಾಟು, ಮತ್ತೆ ಫ್ಯಾಕ್ಟರಿ ಶೆಡ್ಡು. ಮೈಸೂರಿನಲ್ಲಿದ್ದ ಅಮ್ಮನಿಗೆ ಇದನ್ನು ಎಷ್ಟು ಬರೆದರೂ ತಲೆಗೆ ಹೋಗುತ್ತಿರಲಿಲ್ಲ. ಬೆಟ್ಟವೇ ಇಲ್ಲದ ಊರಲ್ಲಿ ಜನ ಹೇಗಿರುತ್ತಾರೆ ಅಂತ ಅವಳ ಪ್ರಶ್ನೆ.

ಬೆಟ್ಟದ ಮಾತು ಬಂದದ್ದು ಒಂದು ಹರಕೆಯಿಂದ. ನನ್ನ ಮೊದಲ ಹೆರಿಗೆಯಲ್ಲಿ ನಮ್ಮ ಯಜಮಾನರು ಎರಡು ತಂತಿ ಕೊಟ್ಟಿದ್ದರು. ಆಸ್ಪತ್ರೆಗೆ ಸೇರಿಸಿದೆ ಅಂತ ಒಂದು, ಹೆಣ್ಣು ಮಗು ಅಂತ ಇನ್ನೊಂದು. ಮೊದಲನೆಯದನ್ನು ಕೊಡದೆ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಎರಡರ ನಡುವಿನ ಎರಡು ದಿನ ಅಮ್ಮ ಅನ್ನ ನೀರು ಬಿಟ್ಟು ಕೂತಳು, ಕೂತವಳು ಸುಮ್ಮನಿರಲಾರದೆ ಹರಕೆ ಹೊತ್ತಳು. ತಾಯಿ ಮಗು ಉಳಿದರೆ ನನ್ನ ಮಗಳು ಮಗುವನ್ನು ಎತ್ತಿಕೊಂಡು ಬೆಟ್ಟ ಹತ್ತಿ ಮೆಟ್ಟಿಲು ಪೂಜೆ ಮಾಡುತ್ತಾಳೆ ಅಂತ. ಅಂದರೆ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಇಟ್ಟು ಮೇಲೆ ಹೋಗುವುದು. ಹೊತ್ತವಳು ಅವಳು, ಹತ್ತಬೇಕಾದವಳು ನಾನು.

ಎಪ್ಪತ್ತೆರಡೋ ಎಪ್ಪತ್ತಮೂರೋ, ಅಂತೂ ಮೂರು ವಾರ ರಜೆ ಸಿಕ್ಕಿ ಊರಿಗೆ ಹೋದೆವು. ಮೂರು ವಾರದಲ್ಲಿ ಮೂವತ್ತು ಮನೆಯ ಕಾಫಿ ಕುಡಿದೆ. ಮಗುವಿಗೆ ನೀರು ಹಿಡಿಸದೆ ಭೇದಿ ಹತ್ತಿತು. ಚಾಮುಂಡಿ ಬೆಟ್ಟ ಮಹಡಿಯ ಕಿಟಕಿಯಿಂದಲೇ ಕಾಣುತ್ತಿತ್ತು. ನಾಳೆ ಹತ್ತೋಣ, ನಾಳೆ ಹತ್ತೋಣ ಅಂತ ದಿನ ದೂಡಿದೆ. ಹೊರಡುವ ದಿನ ಅಮ್ಮ ಅರಿಶಿನ ಕುಂಕುಮದ ಎರಡು ಪೊಟ್ಟಣ ನನ್ನ ಕೈಚೀಲಕ್ಕೆ ತುರುಕಿದಳು.

"ದಾರೀಲಿ ಎಲ್ಲಾದ್ರೂ ಬೆಟ್ಟದ ಮೇಲೊಂದು ಗುಡಿ ಸಿಕ್ರೆ ಅಲ್ಲೇ ಮಾಡ್ಬಿಡು. ಚಾಮುಂಡಿಗೇನು ಆ ಊರು ಈ ಊರು ಅಂತ ಇದ್ಯಾ? ಆದ್ರೆ ಪೂರ್ತಿ ಹತ್ತು ಕಣೇ. ಅರ್ಧಕ್ಕೆ ಬಿಡಬಾರ್ದು."

ಸಿಕ್ಕೇಬಿಟ್ಟಿತು. ನಮ್ಮ ಯಜಮಾನರು ಪ್ರಪಂಚ ಸುತ್ತುವ ಟಿಕೆಟ್ ಕೊಂಡಿದ್ದರು. ಲಂಡನ್ ಮೇಲೆ ಹೋಗಿ, ಬ್ಯಾಂಕಾಕ್ ಮೇಲೆ ವಾಪಸ್. ಬ್ಯಾಂಕಾಕ್‌ನಲ್ಲಿ ಒಂದು ದಿನ ಇಳಿಯಬಹುದಿತ್ತು. ಅಷ್ಟು ದೊಡ್ಡ ಊರು, ಅಂಗೈಯಷ್ಟು ಚಪ್ಪಟೆ, ಅದರ ನಡುವೆ ಒಂದೇ ಒಂದು ಗುಡ್ಡ, ಅದರ ನೆತ್ತಿಯ ಮೇಲೆ ಹಳೆಯ ಬೌದ್ಧ ದೇವಸ್ಥಾನ. ಹೋಟೆಲಿನವನು ಅದರ ಕತೆ ಹೇಳಿದ. ಹಿಂದೆ ಯಾವನೋ ರಾಜ ಅಲ್ಲಿ ದೊಡ್ಡ ಸ್ತೂಪ ಕಟ್ಟಿಸಲು ಹೋದನಂತೆ. ಕೆಳಗಿನ ಮಣ್ಣು ಭಾರ ತಾಳದೆ ಕುಸಿದು ಕೂತಿತಂತೆ. ಆ ಕುಸಿದ ಗುಡ್ಡೆಯೇ ಬೆಟ್ಟ. ಆ ಮಣ್ಣಿನ ಕಷ್ಟ ನನಗೆ ಚೆನ್ನಾಗಿ ಅರ್ಥವಾಯಿತು. ಮೂರು ರಾತ್ರಿ ನಾನೂ ನಿದ್ದೆ ಮಾಡಿರಲಿಲ್ಲ.

ಮೆಟ್ಟಿಲು ಗುಡ್ಡವನ್ನು ಬಳಸಿಕೊಂಡು ಹೋಗುತ್ತಿತ್ತು, ಮುನ್ನೂರರ ಮೇಲೆ. ಸಾವಿರ ಮೆಟ್ಟಿಲಿನ ಊರಿಂದ ಬಂದವಳಿಗೆ ಇದ್ಯಾವ ಲೆಕ್ಕ ಅಂದುಕೊಂಡು ಶುರು ಮಾಡಿದೆ. ಎಡಗಡೆ ಕಂಕುಳಲ್ಲಿ ಮಗು, ಬಲಗೈಯಲ್ಲಿ ಪೊಟ್ಟಣ. ಬಗ್ಗು, ಅರಿಶಿನ ಇಡು, ಕುಂಕುಮ ಇಡು, ಏಳು. ನೂರು ಡಿಗ್ರಿ ಬಿಸಿಲು. ನಮ್ಮವರು ಹೊಸ ಕ್ಯಾಮೆರಾ ನೇತುಹಾಕಿಕೊಂಡು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿಬಿಟ್ಟರು. ಭಕ್ತರು ದಾರಿಯ ಗಂಟೆಗಳನ್ನು ಬಾರಿಸುತ್ತಾ ನನ್ನನ್ನು ದಾಟಿ ಹೋದರು. ಮೆಟ್ಟಿಲು ಗುಡಿಸುತ್ತಿದ್ದ ಒಬ್ಬ ಮುದುಕಿ ನಾನಿಟ್ಟ ಕುಂಕುಮ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಕುಂಕುಮ ಅಳಿಸದ ಹಾಗೆ ಅದರ ಸುತ್ತ ಪೊರಕೆ ಆಡಿಸಿದಳು. ಅವಳ ಕಾಲಿಗೆ ಬೀಳೋಣ ಅನ್ನಿಸಿತು. ಆದರೆ ಇನ್ನೊಂದು ಸಲ ಬಗ್ಗುವ ಶಕ್ತಿ ಇರಲಿಲ್ಲ.

ಅರ್ಧದಾರಿಯ ತಿರುವಿನಲ್ಲಿ ಮಗು ನನ್ನ ಸೀರೆಯ ಮೇಲೆ ವಾಂತಿ ಮಾಡಿಕೊಂಡಿತು. ಒರೆಸಿದೆ, ಕೂತೆ. ಕೂತವಳಿಗೆ ಏಳಲಾಗಲಿಲ್ಲ.

"ಬಾರೇ ಮೇಲೆ, ಊರೆಲ್ಲ ಕಾಣ್ಸತ್ತೆ" ಅಂತ ಇವರು ಮೇಲಿನ ತಿರುವಿನಿಂದ ಕೂಗಿದರು. ಬರಲ್ಲ ಅಂತ ಕೈ ಆಡಿಸಿದೆ. ಅವರು ಅದನ್ನೇ ಒಂದು ಫೋಟೋ ತೆಗೆದುಕೊಂಡು ಹೊರಟುಹೋದರು. ನಾನು ಅತ್ತೆ. ಭಕ್ತಿಯಿಂದ ಏನಲ್ಲ, ಸುಸ್ತಿಗೆ ಬಂದ ಅಳು ಅದು. ಅವರು ಇಳಿದು ಬರುವ ಹೊತ್ತಿಗೆ ಪೊಟ್ಟಣ ಮಡಿಸಿ ಚೀಲದಲ್ಲಿಟ್ಟಿದ್ದೆ.

ಶಿಕಾಗೋದಲ್ಲಿ ಇಳಿದು, ಇಟಾಸ್ಕಾದ ಸ್ನೇಹಿತರ ಮನೆಯಲ್ಲಿ ಬಿಟ್ಟಿದ್ದ ಕಾರು ತೆಗೆದುಕೊಂಡು ವಿಕ್ಸಮ್ ಸೇರಿದೆವು. ಮಾರನೇ ದಿನವೇ ಅಮ್ಮನಿಗೆ ಏರೋಗ್ರಾಮ್ ಬರೆದೆ. "ದಾರಿಯಲ್ಲಿ ಬೆಟ್ಟ ಸಿಕ್ಕಿತು. ಹರಕೆ ಪೂರ್ತಿ ತೀರಿಸಿದೆ. ಇಲ್ಲಿ ಎಲ್ಲರೂ ಕ್ಷೇಮ." ಅಮ್ಮ ಅದನ್ನು ಬೀದಿಯವರಿಗೆಲ್ಲ ಓದಿ ಹೇಳಿದಳಂತೆ.

ನಾಲ್ಕು ವರ್ಷ ಕಳೆಯಿತು. ನಾನು ಮತ್ತೆ ಬಸುರಿ, ಬಾಣಂತನಕ್ಕೆ ಅಮ್ಮ ಬಂದಳು. ಅಷ್ಟರಲ್ಲಿ ಅವಳ ಮಂಡಿ ಪೂರ್ತಿ ಹೋಗಿತ್ತು. ಮುಂಬಾಗಿಲಿನ ಮೂರು ಮೆಟ್ಟಿಲನ್ನು ಇವರ ಹೆಗಲು ಹಿಡಿದು ಹತ್ತಿದಳು. ಬಂದ ದಿನವೇ ನನ್ನ ಹೊಟ್ಟೆ ಮೇಲೆ ಕೈಯಿಟ್ಟು, "ಈ ಸಲ ನಂಗೆ ಭಯ ಇಲ್ಲ ಬಿಡು, ಹಳೇದೆಲ್ಲ ತೀರಿಸಿದೀಯಲ್ಲ" ಅಂದಳು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಒಂಬತ್ತು ಸಾವಿರ ಮೈಲಿ ಆ ಧೈರ್ಯದ ಮೇಲೆ ಬಂದವಳ ಹತ್ತಿರ ಅದನ್ನು ಕಿತ್ತುಕೊಳ್ಳಲು ಬಾಯಿ ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಇಟಾಸ್ಕಾದ ಆ ಸ್ನೇಹಿತರು, ಧಾರವಾಡದ ಕಡೆಯ ಗಂಡ ಹೆಂಡತಿ, ಅಮ್ಮನನ್ನು ನೋಡಲು ಬಂದರು. ಊಟ ಆದಮೇಲೆ ಆಕೆ, "ಸ್ಲೈಡ್ ತೋರಸ್ರಿ, ನಿಮ್ಮ ಪ್ರಪಂಚ ಪರ್ಯಟನಾ ನಾವೂ ನೋಡೋಣಂತ" ಅಂದರು. ನಮ್ಮವರಿಗೆ ಅಷ್ಟೇ ಸಾಕು. ಕಿಟಕಿಗೆ ಕಂಬಳಿ, ಗೋಡೆಗೆ ಬೆಡ್‌ಶೀಟು, ಪ್ರೊಜೆಕ್ಟರ್ ಶುರು. ಲಂಡನ್ ಆಯಿತು, ಮೈಸೂರಾಯಿತು. ಆಮೇಲೆ ಆ ಗುಡ್ಡ. ಬೆಡ್‌ಶೀಟಿನ ತುಂಬ ಮೆಟ್ಟಿಲು, ನಡುವೆ ಕೂತ ನಾನು. ನನ್ನ ಕೆಳಗೆ ಸಾಲಾಗಿ ಕೆಂಪು ಚುಕ್ಕೆ, ನನ್ನ ಮೇಲೆ ಬರೀ ಸಿಮೆಂಟು.

ನನ್ನ ಮಗಳು ಎದ್ದು ಹೋಗಿ ಒಂದೊಂದೇ ಚುಕ್ಕೆಯನ್ನು ಬೆರಳಿಂದ ಮುಟ್ಟಿ ಒನ್, ಟೂ, ತ್ರೀ ಅಂತ ಎಣಿಸಿದಳು. ನನ್ನ ಹತ್ತಿರ ಬಂದು ನಿಲ್ಲಿಸಿದಳು. "ಮಮ್ಮೀ, ನೋ ಮೋರ್ ರೆಡ್."

"ಅಯ್ಯೋ, ಇವಳು ಇಲ್ಲೇ ಕೂತ್ಬಿಟ್ಳು" ಅಂತ ನಮ್ಮವರು ಧಾರವಾಡದವರಿಗೆ ವಿವರಿಸಿದರು. "ಮೇಲಕ್ಕೆ ಬರ್ಲೇ ಇಲ್ಲ. ಎಂಥಾ ವ್ಯೂ ಮಿಸ್ ಮಾಡ್ಕೊಂಡ್ಳು." ನಾನು ಕಾಗದದಲ್ಲಿ ಏನು ಬರೆದಿದ್ದೆ ಅಂತ ಪಾಪ ಅವರಿಗೆ ಗೊತ್ತಿರಲಿಲ್ಲ. ಅಮ್ಮನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಮುಂದಿನ ಸ್ಲೈಡು ಬಂತು. ಸಂಜೆ, ಬಂದವರಿಗೆ ಅಮ್ಮ ತಾನೇ ಕುಂಕುಮ ಕೊಟ್ಟು ಕಳಿಸಿದಳು.

ಮಾರನೇ ಬೆಳಿಗ್ಗೆ ಇವರು ಕೆಲಸಕ್ಕೆ ಹೋದಮೇಲೆ, ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಒಳಗೆ ಬಂದರೆ ಅಮ್ಮ ಇಲ್ಲ. ರೂಮಿನಲ್ಲಿಲ್ಲ, ಬಚ್ಚಲಲ್ಲಿಲ್ಲ. ಬೇಸ್‌ಮೆಂಟಿನ ಬಾಗಿಲು ತೆರೆದಿತ್ತು. ಬಗ್ಗಿ ನೋಡಿದರೆ ಕೆಳಗಿನಿಂದ ನಾಲ್ಕನೇ ಮೆಟ್ಟಿಲ ಮೇಲೆ ಅಮ್ಮ ಕೂತಿದ್ದಾಳೆ. ಕೂತುಕೊಂಡೇ ಒಂದೊಂದು ಮೆಟ್ಟಿಲು ಜಾರಿ ಕೆಳಗಿಳಿದಿದ್ದಾಳೆ. ಇಳಿದು, ಕೆಳಗಿನಿಂದ ಮೂರು ಮೆಟ್ಟಿಲಿಗೆ ಅರಿಶಿನ ಕುಂಕುಮ ಇಟ್ಟು, ನಾಲ್ಕನೆಯದಕ್ಕೆ ಸೋತಿದ್ದಾಳೆ.

ನನಗೆ ಸಿಟ್ಟು ಉಕ್ಕಿತು. "ಏನಮ್ಮಾ ಇದು? ಬಿದ್ದು ಕಾಲು ಮುರ್ಕೊಂಡಿದ್ರೆ? ನಾನು ಎಲ್ಲಿಗೆ ಹೋಗ್ಬೇಕಿತ್ತು ಈ ಹೊಟ್ಟೆ ಹೊತ್ಕೊಂಡು?"

"ನೀನು ಬಿಟ್ಟಿದ್ದನ್ನ ನಾನು ಮುಗಿಸೋಣ ಅಂತ ಬಂದೆ. ಇಳಿಯೋದು ಹತ್ತೋದು, ಇಳಿಯೋದು ಹತ್ತೋದು, ಹಂಗೇ ಲೆಕ್ಕ ತುಂಬತ್ತೆ ಅಂದ್ಕೊಂಡೆ" ಅಂದಳು ಅಮ್ಮ. "ಆಗ್ಲಿಲ್ಲ ಕಣೇ. ಸುಸ್ತಾಯ್ತು."

ಗೋಡೆ ಹಿಡಿದು ಇಳಿದು ಹೋಗಿ ಅವಳ ಪಕ್ಕ ಕೂತೆ. ಮೆಟ್ಟಿಲು ಕಿರಿದು, ನನ್ನ ಹೊಟ್ಟೆ ದೊಡ್ಡದು, ಇಬ್ಬರೂ ಒತ್ತಿಕೊಂಡೇ ಕೂರಬೇಕಾಯಿತು. ಸುಳ್ಳು ಬರೆದೆ, ತಪ್ಪಾಯಿತು ಅಂತ ಶುರು ಮಾಡಿದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಸುಸ್ತಾಗಿತ್ತೇನೆ ಅಲ್ಲಿ?"

"ಹೂಂ."

"ತುಂಬಾನಾ?"

"ತುಂಬಾ ಅಮ್ಮ."

"ಇಲ್ಲಿ ಬಂದು ಎಷ್ಟು ವರ್ಷ ಆಯ್ತು ನಿಂಗೆ? ವಾರಕ್ಕೊಂದು ಕಾಗದ. ಎಲ್ಲಾದ್ರಲ್ಲೂ ಕ್ಷೇಮ, ಕ್ಷೇಮ, ಕ್ಷೇಮ. ಒಂದೇ ಒಂದ್ರಲ್ಲಿ ಸುಸ್ತಾಗಿದೆ ಅಮ್ಮ ಅಂತ ಬರೀಬಾರ್ದಿತ್ತಾ?"

ಅವಳ ತೊಡೆಯ ಮೇಲೆ ತಲೆಯಿಟ್ಟೆ. ಕುಂಕುಮದ ಕೈಯಲ್ಲೇ ನನ್ನ ತಲೆ ಸವರಿದಳು. ಮೇಲಿನ ಎಂಟು ಮೆಟ್ಟಿಲು ಹಾಗೇ ಉಳಿದವು. ಇಬ್ಬರೂ ಏಳುವ ಮನಸ್ಸು ಮಾಡಲಿಲ್ಲ.